ಅಮ್ಜದ್‌ನ ಕಿವಿ

ಆನೇಮಹಲ್‌ನಲ್ಲಿ ಯಾರೇ ಹಳೇ ಗಾಡಿ ಕೊಳ್ಳಲಿ, ಮೊದಲು ನಮ್ಮ ಲಾರಿ ಡ್ರೈವರ್ ಅಮ್ಜದ್‌ನ ಕಿವಿಗೆ ಒಪ್ಪಿಸಬೇಕು. ಬಾನೆಟ್ಟಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದನೆಂದರೆ, ಹಿಂದಿನ ಮಾಲೀಕ ಘಾಟಿಯನ್ನು ಯಾವ ಗೇರಿನಲ್ಲಿ ಇಳಿಯುತ್ತಿದ್ದನೆಂದೂ ಹೇಳಿಬಿಡುತ್ತಾನೆ. ಬಡವರ ತಲೆಗೆ ಗುಜರಿ ಕಟ್ಟುವ ದಲ್ಲಾಳಿಗಳು ಅವನನ್ನು ಕಂಡರೆ ಅರ್ಧ ಟೀ ಬಿಟ್ಟು ಏಳುತ್ತಾರೆ, ಏಳಲೇಬೇಕು. ಅಂಥವನು ತನ್ನ ಸಂಸಾರಕ್ಕೆಂದು ಹೆಂಡತಿ, ಮಗಳ ಜೊತೆ ಎಲೆಕ್ಟ್ರಿಕ್ ಕಾರು ನೋಡಲು ಹೋಗಿ, ಕಿವಿಯಿಟ್ಟು ಪೆಚ್ಚಾದ. "ಇದು ಏನೂ ಹೇಳ್ತಾನೇ ಇಲ್ವಲ್ಲೇ! ಮಳೇಲಿ ದಿನಗಟ್ಟಲೆ ಕರೆಂಟು ಹೋದ್ರೆ, ಉಬ್ಬಸದ ಮಗೀನ ಹಾಸನದ ಆಸ್ಪತ್ರೆಗೆ ಹೊತ್ಕೊಂಡು ಓಡ್ಲಾ?" "ಮೋಡ ಕಂಡಾಗ್ಲೇ ಚಾರ್ಜ್ ತುಂಬ್ಸಿಡಿ. ಡೀಸೆಲ್ಲೇನು ನಮ್ಮನೆ ನಲ್ಲೀಲಿ ಬರ್ತೈತಾ?" ಎನ್ನುತ್ತಾ ಹೆಂಡತಿ ಹುಸ್ನಾ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಓಡಿಸಿ ನೋಡಲು ಹಾಸನಕ್ಕೆ ಹೋಗಿ ಬಂದರು. ಚಾರ್ಜು ಅರ್ಧ ಉಳಿಯಿತು, ಅವನ ಅನುಮಾನ ಪೂರ್ತಿ ಉಳಿಯಿತು. ಮರಳುವಾಗ ಊರ ಹತ್ತಿರದ ಏರಿನಲ್ಲಿ ಅಮ್ಜದ್ ತಟ್ಟನೆ ಕೈಯೆತ್ತಿ ಹೆಂಡತಿಯ ಮಾತು ನಿಲ್ಲಿಸಿದ. ನಿದ್ದೆಹೋದ ಮಗಳ ಉಸಿರು ಹಿಂದಿನಿಂದ ಸ್ಪಷ್ಟವಾಗಿ ಕೇಳುತ್ತಿತ್ತು. "ಎದೇಲಿ ಸಿಳ್ಳಿಲ್ಲ ಕಣೇ, ಸಾಫ್ ಐತೆ," ಎಂದ, ಊರಿನ ಗಾಡಿಗಳಿಗೆಲ್ಲ ತೀರ್ಪು ಕೊಡುವ ಅದೇ ಗತ್ತಿನಲ್ಲಿ. "ಡೀಸೆಲ್ ಸದ್ದಲ್ಲಿ ಇದು ಒಂದಿನಾನೂ ಕೇಳ್ಸಿರ್ಲಿಲ್ಲ. ಇದನ್ನೇ ತಗಳ್ಳಾನ."