ಸದ್ಯಕ್ಕ ಎಂಬ ತಜ್ಞೆ

ನಾನು ಬೆಳೆದದ್ದು ಧಾರವಾಡದಲ್ಲಿ, ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನೆಯಲ್ಲಿ. ಅಂಥವಳು ತೊಂಬತ್ತರ ದಶಕದ ನಡುವಿನಲ್ಲಿ ಲಂಡನ್ನಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೂತು ಕಂಪ್ಯೂಟರಿನೊಳಗೆ ಮೀನು ಸಾಕುತ್ತಿದ್ದೆ. ಅವ್ವ ಪ್ರತಿ ಸಲ ಫೋನಿನಲ್ಲಿ ಕೇಳುವಳು: "ತಿನ್ನೂದಿಲ್ಲ, ಮುಟ್ಟೂದಿಲ್ಲ, ಎಣಸಾಕ ಅಷ್ಟು ದೂರ ಹೋಗಬೇಕಿತ್ತೇನ?"

ಎರಡು ದೇಶಗಳ ನಡುವೆ ಒಂದು ಸಮುದ್ರ, ನಕ್ಷೆಯಲ್ಲಿ ಅದರ ಮಧ್ಯೆ ಒಂದು ಗೆರೆ. ಮೀನಿಗೆ ಆ ಗೆರೆ ಗೊತ್ತಿಲ್ಲ. ಯಾರು ಎಷ್ಟು ಹಿಡಿದರೆ ಇಪ್ಪತ್ತು ವರ್ಷದ ಮೇಲೆ ಎಷ್ಟು ಉಳಿಯುತ್ತದೆ ಎಂದು ಗಣಕ ಮಾದರಿಯನ್ನು ಸಾವಿರ ಸಲ ಓಡಿಸಿ ನೋಡುವುದು ನನ್ನ ಕೆಲಸ. ಅದನ್ನು ಮುಂದಿಟ್ಟುಕೊಂಡು ಅಧಿಕಾರಿಗಳು ಮೀನಿನ ಪಾಲು ಹಂಚುವರು. ಯಾರ ಕಡೆ ಹೆಚ್ಚು ಮೀನೋ ಅವರಿಗೆ ಹೆಚ್ಚು ಪಾಲು; ಪಾಲು ಮುಗಿದ ದಿನ ಆ ದೇಶದ ದೋಣಿಗಳೆಲ್ಲ ದಡ ಸೇರಬೇಕು.

ಮಾದರಿಗೆ ಒಂದು ಅಂಕಿ ಬೇಕಿತ್ತು. ವರ್ಷಕ್ಕೆ ಎಷ್ಟು ಮೀನು ಗೆರೆ ದಾಟಿ ಪಶ್ಚಿಮಕ್ಕೆ ಹೋಗುತ್ತದೆ? ಎಲ್ಲ ನಮ್ಮಲ್ಲೇ ಇರುತ್ತದೆ ಎಂದು ಪೂರ್ವದವರು, ಎಲ್ಲ ನಮ್ಮಲ್ಲಿಗೇ ಬರುತ್ತದೆ ಎಂದು ಪಶ್ಚಿಮದವರು. ಇಬ್ಬರಿಗೂ ತಿಂಗಳುಗಟ್ಟಲೆ ಪತ್ರ ಬರೆದು ಸಾಕಾಗಿ, ಒಂದು ಶುಕ್ರವಾರ ಹತ್ತಕ್ಕೆ ಮೂರು ಎಂದು ಹಾಕಿದೆ. ನನಗೆ ನೆನಪಿರಲಿ ಎಂದು ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ಸದ್ಯಕ್ಕ" ಎಂದು ಬರೆದಿಟ್ಟೆ. ನಮ್ಮ ಕಡೆ ಹಾಗಂದರೆ ಈಗಿನ ಮಟ್ಟಿಗೆ ಇರಲಿ, ಆಮೇಲೆ ನೋಡೋಣ ಎಂದು.

ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ವರದಿ ಅಚ್ಚಾಗಿತ್ತು. ಹತ್ತಕ್ಕೆ ಮೂರು, ಆಧಾರ: ಸದ್ಯಕ್ಕ, ಖಾಸಗಿಯಾಗಿ ತಿಳಿಸಿದ್ದು. ವರದಿ ಬರೆದ ಸಹೋದ್ಯೋಗಿ ಅದನ್ನು ಯಾರೋ ತಜ್ಞೆಯ ಹೆಸರು ಎಂದುಕೊಂಡಿದ್ದ. ಮನೆಗೆ ಬಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಸ್ಪತ್ರೆಯಿಂದ ದಣಿದು ಬಂದಿದ್ದ ನನ್ನ ಗಂಡ, ಡಾಕ್ಟರ್ ಮನುಷ್ಯ, ನಗಲಿಲ್ಲ.

"ನಾ ಹಿಂಗ ಅಂದಾಜಿನ ಮ್ಯಾಲೆ ಗುಳಿಗಿ ಬರದ್ರ ನನ್ನ ಬಿಡ್ತಾರೇನು? ನಾಳೆನ ಹೋಗಿ ಹೇಳು."

ಹೇಳಲಿಲ್ಲ. ನಾಚಿಕೆ, ಕೆಲಸದ ಭಯ, ಮುಂದಿನ ಸಲ ತಿದ್ದಿದರಾಯಿತು ಎಂಬ ಸೋಮಾರಿತನ. ಮುಂದಿನ ವರ್ಷದ ವರದಿ ಹಿಂದಿನದನ್ನು ನೋಡಿ ಬರೆದದ್ದು, ಅದರ ಮುಂದಿನದು ಅದನ್ನು ನೋಡಿ. ಮನೆಯ ಹತ್ತಿರದ ಕಿಂಗ್ಸ್‌ಬರಿಯಲ್ಲಿ ಟ್ಯೂಬ್ ರೈಲು ಹತ್ತುವುದು, ಮಾದರಿ ಓಡಿಸುವುದು, ಎರಡೂ ದೇಶದವರ ಸಭೆಯಲ್ಲಿ ಅದೇ ಜಗಳ ಕೇಳಿ ಅದೇ ಬಿಸ್ಕತ್ತು ತಿಂದು ಬರುವುದು. ವರ್ಷಗಳು ಹಾಗೇ ಕಳೆದವು. ನನಗೆ ಮೀನಿನ ಮೇಲೂ ಬೇಸರ, ನನ್ನ ಮೇಲೂ ಬೇಸರ.

ಹೊಸ ಶತಮಾನ ಬಂದ ಮೇಲಿನ ಒಂದು ಸಭೆಗೆ ಪಶ್ಚಿಮದ ಸಣ್ಣ ಬಂದರಿನಿಂದ ದೋಣಿಯ ಯಜಮಾನನೊಬ್ಬ ಬಂದಿದ್ದ. ಅವನ ಊರಿನ ಪಾಲು ಬೇಸಿಗೆಯಲ್ಲೇ ಮುಗಿದುಹೋಗುತ್ತಿತ್ತು. ಇನ್ನೊಂದು ವರ್ಷ ಹೀಗಾದರೆ ದೋಣಿಯನ್ನು ಗುಜರಿಗೆ ಹಾಕುವುದೇ ಎಂದ. ಆಮೇಲೆ ವರದಿ ತೆರೆದು ಬೆರಳಿಟ್ಟ.

"ಈ ಸದ್ಯಕ್ಕ ಅನ್ನೋರು ಯಾರು? ನಾನು ಅವರ ಜೊತೆ ಮಾತಾಡಬೇಕು."

ಎದ್ದು ನಿಂತೆ. ಅಂಥ ಹೆಸರಿನವರು ಯಾರೂ ಇಲ್ಲ, ಅದು ನಾನು ಅಂದಾಜಿಗೆ ಹಾಕಿದ ಅಂಕಿ ಎಂದೆ. ಕೆಲಸ ಹೋದರೂ ಹೋಗಲಿ, ಇವತ್ತು ತಿದ್ದುತ್ತಾರೆ ಎಂದುಕೊಂಡೆ.

ಚಹಾ ವಿರಾಮದ ನಂತರ ಎರಡೂ ದೇಶದವರು ಅಕ್ಕಪಕ್ಕ ಕೂತು ತೀರ್ಮಾನ ಹೇಳಿದರು. ಈ ಅಂಕಿಯನ್ನು ಮುಟ್ಟಿದರೆ ಇಡೀ ಒಪ್ಪಂದವನ್ನೇ ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ಹತ್ತಕ್ಕೆ ಮೂರೇ ಇರಲಿ. ಅಷ್ಟು ವರ್ಷಗಳಲ್ಲಿ ಅವರು ಜಗಳವಿಲ್ಲದೆ ಒಪ್ಪಿದ್ದು ಅದೊಂದನ್ನೇ.

ಲಿಫ್ಟಿನ ಮುಂದೆ ಆ ದೋಣಿಯ ಯಜಮಾನ ಸಿಕ್ಕ. ಕ್ಷಮಿಸಿ ಎಂದೆ. ಅವನು ಸಿಟ್ಟಾಗಲಿಲ್ಲ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡಿದ.

"ಹೇಗೂ ಅಂದಾಜು," ಎಂದ. "ನಾಲ್ಕು ಅಂತ ಹಾಕಬಹುದಿತ್ತಲ್ಲ."