ಅತ್ತೆ ಕಂಡ ಹಸಿರು

"ಇದು ಹಳದಿ ಅಲ್ಲಪ್ಪಾ, ಹಸ್ರು ಐತಿ ನೋಡು" ಎಂದು ಅತ್ತೆ ನನ್ನ ಕೈಯಲ್ಲಿದ್ದ ಪರೀಕ್ಷಾ ಕೊಳವೆಯತ್ತ ಬೆರಳು ತೋರಿಸಿದರು.

ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡು ಮೀನುಗಳೂ ಬೆಳಗಿನಿಂದ ಮೇಲೆ ಬಂದು ಏದುಸಿರು ಬಿಡುತ್ತಿದ್ದವು. ಮೀನುಗಳ ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾ ಸೇರಿದ್ದರೆ ಪರೀಕ್ಷೆಯ ಹನಿ ಹಾಕಿದ ನೀರು ಹಸಿರಾಗುತ್ತದೆ, ಇಲ್ಲದಿದ್ದರೆ ಹಳದಿ. ನನಗೆ ಕಂಡದ್ದು ಮಾತ್ರ ಹಳದಿ. ನನ್ನ ಹೆಂಡತಿಯನ್ನು, ಅಂದರೆ ತಮ್ಮ ಮಗಳನ್ನು ನೋಡಲು ದಾವಣಗೆರೆಯಿಂದ ಬಂದಿದ್ದ, ಮೀನೆಂದರೆ ಮೂಗು ಮುರಿದು ದೂರ ಕೂರುತ್ತಿದ್ದ ಅತ್ತೆ, "ನಿನ್ನ ಕಣ್ಣು ಆಮ್ಯಾಲೆ ತೋರ್ಸು, ಮೊದ್ಲು ನೀರು ಬದ್ಲಾಯ್ಸು" ಎಂದು ಸೆರಗು ಸಿಕ್ಕಿಸಿ ಬಕೆಟ್ ಹಿಡಿದರು. ಇಬ್ಬರೂ ಸೇರಿ ಹೊಸ ಉಪ್ಪುನೀರು ಕಲಸಿ ಅರ್ಧ ತೊಟ್ಟಿ ಬದಲಾಯಿಸಿದೆವು. ಸಂಜೆಗೆ ಮೀನುಗಳು ಚುರುಕಾಗಿ ಈಜತೊಡಗಿದಾಗ ಅತ್ತೆ ಚಪ್ಪಾಳೆ ತಟ್ಟಿದರು.

ಕೆಲವು ಬಣ್ಣಗಳು ನನಗೆ ಸರಿಯಾಗಿ ಕಾಣುವುದಿಲ್ಲವೆಂದು ಕಣ್ಣಿನ ವೈದ್ಯರಿಂದ ತಿಳಿಯಿತು. ಬೇಸರವೇನಿಲ್ಲ. ಊರಿಗೆ ಮರಳಿದ ಅತ್ತೆ ಈಗ ಫೋನಿನಲ್ಲಿ ಮಗಳಿಗಿಂತ ಮೊದಲು ಮೀನುಗಳ ಕ್ಷೇಮ ವಿಚಾರಿಸುತ್ತಾರೆ.