ಎರಡು ಮುಡಿ ಮೀರಿದ ಮಗ

ಉಡುಪಿಯ ಪೇಟೆಯಲ್ಲಿ, ಒಂದು ಹೋಟೆಲಿನ ಮಹಡಿಯ ಮೇಲೆ, ನಾನು ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲಿ, ಎರಡು ಬದಿಗೂ ಕೈಗಳಿದ್ದ ಬೆತ್ತದ ಕುರ್ಚಿಯೊಂದಿತ್ತು. ಬೆಳಿಗ್ಗೆ ಎಂಟಕ್ಕೆ ನಾನು ಅದರಲ್ಲಿ ಕೂತರೆ ಸಂಜೆ ಆರರವರೆಗೂ ನಮ್ಮಿಬ್ಬರಿಗೆ ಅಗಲಿಕೆಯೆಂಬುದೇ ಇರಲಿಲ್ಲ. ಒಂದು ದಿನ, ಬೆರಳುಗಳನ್ನು ತಪ್ಪು ಸಾಲಿನಲ್ಲಿ ಇಟ್ಟುಕೊಂಡಿದ್ದ ಹುಡುಗಿಯೊಬ್ಬಳನ್ನು ತಿದ್ದೋಣವೆಂದು ಎದ್ದರೆ, ಕುರ್ಚಿಯೂ ನನ್ನ ಸೊಂಟ ಹಿಡಿದುಕೊಂಡು ಎದ್ದು ನಿಂತಿತು. ಹತ್ತು ಯಂತ್ರಗಳ ಕಟಕಟ ಸದ್ದು ಒಮ್ಮೆಲೇ ನಿಂತು, ಅದರ ಜಾಗದಲ್ಲಿ ಹತ್ತು ಜನ ನಗು ತಡೆದುಕೊಳ್ಳುವ ಸದ್ದು ಕೇಳಿಸಿತು. ನಾನು ಏನೂ ಆಗದವನಂತೆ, ಕುರ್ಚಿಸಮೇತನಾಗಿಯೇ ಮತ್ತೆ ಕೂತುಬಿಟ್ಟೆ.

ಅರವತ್ತರ ದಶಕದ ನಡುವಿನ ಮಾತು ಇದು. ಆಗ ನನಗೆ ಮೂವತ್ತು ತುಂಬಿರಲಿಲ್ಲ. ಕೆಳಗಿನ ಹೋಟೆಲಿನಿಂದ ಏಳುತ್ತಿದ್ದ ಗೋಳಿಬಜೆಯ ಪರಿಮಳಕ್ಕೆ ಮಹಡಿಯ ಮೆಟ್ಟಿಲು ಹತ್ತಿ ಬರುವ ದುರಭ್ಯಾಸವಿತ್ತು. ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸುವ ಕಠಿಣ ಮನಸ್ಸು ನನ್ನದಲ್ಲ. ಬೆಳಿಗ್ಗೆ ಬನ್ಸ್, ಹನ್ನೊಂದಕ್ಕೆ ಮಸಾಲೆ ದೋಸೆ, ಸಂಜೆ ಗೋಳಿಬಜೆ. ನಡುವೆ ಊಟವೆಂಬ ಮುಖ್ಯ ಕಾರ್ಯಕ್ರಮ ಬೇರೆ. ಬನ್ನಂಜೆಯ ನನ್ನ ಬಾಡಿಗೆ ಕೋಣೆಗೂ ಟೈಪಿಂಗ್ ಕೋಣೆಗೂ ನಡುವಿನ ಹತ್ತು ನಿಮಿಷದ ನಡಿಗೆಯೇ ನನ್ನ ಸಮಸ್ತ ವ್ಯಾಯಾಮ. ಹೀಗಿದ್ದೂ ಆ ಕುರ್ಚಿಯ ಅವಮಾನವನ್ನು ನಾನು ನಕ್ಕು ಮರೆಯುತ್ತಿದ್ದೆನೋ ಏನೋ, ಅದೇ ವಾರ ಬೆಳ್ಮಣ್ಣಿನ ಮನೆಗೆ ಹೋದಾಗ ಅಮ್ಮ ತುಲಾಭಾರದ ಮಾತು ತೆಗೆಯದೆ ಇರುತ್ತಿದ್ದರೆ.

ಅದೊಂದು ಹಳೆಯ ಹರಕೆ. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ವಿಷಮಶೀತ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದೆನಂತೆ. ಎತ್ತಿಕೊಂಡರೆ ಕೈಗೆ ಭಾರವೇ ತಿಳಿಯುತ್ತಿರಲಿಲ್ಲ ಎಂದು ಅಮ್ಮ ಹೇಳುವಾಗಲೆಲ್ಲ ತನ್ನ ಖಾಲಿ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳು ತನ್ನ ತವರೂರಾದ ಕಾಪುವಿನ ದೇವರಿಗೆ ಹೇಳಿಕೊಂಡದ್ದು ಇಷ್ಟು: ಮಗ ಎದ್ದು ಓಡಾಡಿದರೆ ಅವನ ತೂಕದಷ್ಟು ಬೆಳ್ತಿಗೆ ಅಕ್ಕಿ ಒಪ್ಪಿಸುತ್ತೇನೆ, ಅದೂ ಅಂಗಡಿಯ ಅಕ್ಕಿಯಲ್ಲ, ಮನೆಯೆದುರಿನ ನನ್ನ ಪಾಲಿನ ಗದ್ದೆಯಲ್ಲಿ ಬೆಳೆದು, ನಾನೇ ಒನಕೆ ಹಿಡಿದು ಕುಟ್ಟಿದ ಅಕ್ಕಿ. ನಾನು ಎದ್ದೆ. ಆದರೆ ಮರುವರ್ಷ ತಂದೆ ತೀರಿಕೊಂಡರು, ಗದ್ದೆ ಕೆಲವು ಕಾಲ ಬೇಸಾಯವಿಲ್ಲದೆ ಹಡಿಲು ಬಿತ್ತು, ಆಮೇಲೆ ನನ್ನ ಕಾರ್ಕಳದ ಓದು, ಅಕ್ಕನ ಮದುವೆ, ಒಂದರ ಹಿಂದೊಂದು ನೆಪ. ಹರಕೆ ಮುಂದೆ ಮುಂದೆ ಹೋದಂತೆ ನಾನು ಅಡ್ಡಡ್ಡಕ್ಕೆ ಹೋಗುತ್ತಿದ್ದೆ ಎಂಬುದನ್ನು ಯಾರೂ ಗಮನಿಸಲಿಲ್ಲ.

"ಈ ಸಲದ ಏಣೆಲು ಬೆಳೆಯ ಕೊಯ್ಲು ಆದ ಮೇಲೆ ಮಾಡಿಬಿಡುವ ಮಗಾ. ರಟ್ಟೆಯಲ್ಲಿ ಈ ವರ್ಷ ಬಲ ಉಂಟು, ಬರುವ ವರ್ಷದ್ದು ಹೇಳ್ಲಿಕ್ಕೆ ಆಗುದಿಲ್ಲ" ಎಂದಳು ಅಮ್ಮ. ಊರಿಗೆ ಅಕ್ಕಿ ಮಿಲ್ಲು ಬಂದು, ಮನೆಯಲ್ಲಿ ಕುಟ್ಟುವುದನ್ನು ಎಲ್ಲರೂ ಬಿಟ್ಟ ಕಾಲ ಅದು. ಅಮ್ಮನಿಗೆ ಅರುವತ್ತು. ಆ ಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದ ಅಕ್ಕನೂ ಭಾವನೂ ಹೂಂಗುಟ್ಟಿದರು. ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆ ಗದ್ದೆ ಎಷ್ಟು ಚೆನ್ನಾಗಿ ಬೆಳೆದರೂ ಕೊಡುವುದು ಎರಡು ಮುಡಿ ಅಕ್ಕಿ. ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿಯೆಂದರೆ ನಲವತ್ತು ಕಿಲೋದ ಆಸುಪಾಸು. ನನ್ನ ತೂಕವೋ, ಕುರ್ಚಿಗೇ ಗೊತ್ತು.

ನೀವೇ ಹೇಳಿ, ಈ ಸಂಕಟವನ್ನು ಅಮ್ಮನ ಮುಂದೆ ಹೇಗೆ ಹೇಳುವುದು? ನಿನ್ನ ಗದ್ದೆ ದೇವರಿಗೆ ಸಾಲದು ಎನ್ನಲೇ? ಇಪ್ಪತ್ತು ವರ್ಷ ಕಾದ ಹರಕೆ ತಕ್ಕಡಿಯ ಮುಂದೆ ನಾಲ್ಕು ಜನರೆದುರು ಸಾಲದೆ ಬಂದರೆ ಅವಳು ಆ ಸಂಕೋಚದಿಂದ ಮತ್ತೆ ತಲೆಯೆತ್ತಲಾರಳು. ಅಂಗಡಿಯಿಂದ ತಂದು ಸೇರಿಸೋಣವೆಂದರೆ ಅವಳು ಕೊಟ್ಟ ಮಾತೇ ಬೇರೆ. ಆದ್ದರಿಂದ ತೂಗುವ ಅಕ್ಕಿಯನ್ನು ಹೆಚ್ಚಿಸಲಾಗದಿದ್ದರೆ ತೂಗಿಸಿಕೊಳ್ಳುವವನನ್ನು ತಗ್ಗಿಸುವುದೆಂದು ತೀರ್ಮಾನಿಸಿದೆ. ತಿನ್ನುವ ವಿಷಯ ಬಿಟ್ಟು ಬೇರೆ ವಿಷಯದಲ್ಲಿ ನಾನು ತೀರ್ಮಾನ ಮಾಡಿದ್ದು ಬಹುಶಃ ಅದೇ ಮೊದಲು.

ಮಣಿಪಾಲದ ವೈದ್ಯಕೀಯ ಕಾಲೇಜಿನಲ್ಲಿ ನನ್ನ ಕಾರ್ಕಳದ ಸಹಪಾಠಿ ಲಾರೆನ್ಸ್ ಕೆಲಸಕ್ಕಿದ್ದ. ಮನುಷ್ಯನ ಮೈಯಲ್ಲಿ ಕೊಬ್ಬು ಎಷ್ಟು ಪಾಲು ಎಂಬುದನ್ನು ಅಳೆಯುವ ಹುಚ್ಚು ಅವನಿಗೆ ಹೊಸದಾಗಿ ಹಿಡಿದಿತ್ತು. ವಿದೇಶದಿಂದ ಬಂದ ಒಂದು ಉಪಕರಣವಿತ್ತು. ಅದಕ್ಕೆ ಏನೋ ದೊಡ್ಡ ಹೆಸರು, ನೋಡಲು ಅಡುಗೆಮನೆಯ ಇಕ್ಕಳದ ಸುಸಂಸ್ಕೃತ ದಾಯಾದಿ. ತೋಳಿನ ಹಿಂಬದಿ, ಬೆನ್ನಿನ ರೆಕ್ಕೆಮೂಳೆಯ ಕೆಳಗೆ, ಸೊಂಟದ ಮೇಲೆ ಚರ್ಮವನ್ನು ಮಡಿಕೆಯಾಗಿ ಎತ್ತಿ ಹಿಡಿದು, ಆ ಮಡಿಕೆಯ ದಪ್ಪವನ್ನು ಓದಿ, ಒಂದು ಕೋಷ್ಟಕ ನೋಡಿ ಅವನು ಭವಿಷ್ಯ ಹೇಳುತ್ತಿದ್ದ. ಅಂಗಿ ಬಿಚ್ಚಿ ನಿಂತ ನನ್ನನ್ನು ಕಂಡಾಗ ಅವನ ಕಣ್ಣಲ್ಲಿ ಮಿನುಗಿದ ಆನಂದವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

"ಎಂತ ಮಾರಾಯ, ಇದು ಹಿಡಿಯುದೇ ಇಲ್ಲ ಅಲ್ವಾ! ಬಾಯಿ ಸಾಲುದಿಲ್ಲ ಇದಕ್ಕೆ" ಎಂದು ಸೊಂಟದ ಬಳಿ ಇಕ್ಕಳದೊಂದಿಗೆ ಹೆಣಗಿದ. ಕೊನೆಗೆ ತೂಕ ಎಂಬತ್ತಾರು ಕಿಲೋ, ಅದರಲ್ಲಿ ಕೊಬ್ಬು ಶೇಕಡಾ ಮೂವತ್ತೊಂದು ಎಂದು ಬರೆದುಕೊಂಡ. ನಮ್ಮ ಶಾಲೆಯ ಮೇಷ್ಟ್ರು ಯಾವ ಉಪಕರಣವೂ ಇಲ್ಲದೆ, ನನ್ನ ಮುಖ ನೋಡಿಯೇ ‘ನಿನಗೆ ಕೊಬ್ಬು ಜಾಸ್ತಿ’ ಎಂದು ಅಂದೇ ಹೇಳಿದ್ದರು. ವಿಜ್ಞಾನ ಹದಿನೈದು ವರ್ಷ ತಡವಾಗಿ ಅವರನ್ನು ಸಮರ್ಥಿಸಿತು. ಮೂರರಲ್ಲಿ ಒಂದು ಪಾಲಿಗೆ ಹತ್ತಿರ! ಎಂದರೆ ನಾನು ನಡೆಯುವಾಗಲೆಲ್ಲ ಇನ್ನೊಬ್ಬನನ್ನು ಬೆನ್ನ ಮೇಲೆ ಕೂರಿಸಿಕೊಂಡೇ ನಡೆಯುತ್ತಿದ್ದೆ, ಅವನಿಗೂ ಮಸಾಲೆ ದೋಸೆ ಕೊಡಿಸುತ್ತಿದ್ದೆ. ಅಮ್ಮ ಬೆವರು ಸುರಿಸಿ ಕುಟ್ಟುವ ಅಕ್ಕಿಯಲ್ಲಿ ಅವನಿಗೂ ಒಂದು ಪಾಲೇ?

ಲಾರೆನ್ಸ್ ಗುರಿಯನ್ನು ಗೊತ್ತು ಮಾಡಿದ. ಉಳಿದ ದೇಹ ಇದ್ದ ಹಾಗೇ ಇದ್ದು ಕೊಬ್ಬು ಮಾತ್ರ ಇಪ್ಪತ್ತನಾಲ್ಕಕ್ಕೆ ಇಳಿದರೆ ತೂಕ ಎಪ್ಪತ್ತೆಂಟು, ಎರಡು ಮುಡಿಯ ಒಳಗೆ. ಐದು ತಿಂಗಳ ಸಮಯ. ಮೂವತ್ತೊಂದು, ಇಪ್ಪತ್ತೊಂಬತ್ತು, ಇಪ್ಪತ್ತೇಳು ಎಂದು ತಿಂಗಳು ತಿಂಗಳಿನ ಮೆಟ್ಟಿಲುಗಳನ್ನು ನಾನೇ ಅಂದವಾಗಿ ಟೈಪು ಮಾಡಿ, ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೆ. ಟೈಪು ಮಾಡಿದ್ದೆಲ್ಲವೂ ಸಾಧ್ಯವೆಂದು ಕಾಣುವುದು ಆ ಯಂತ್ರದ ಒಂದು ಗುಣ.

ಆಮೇಲಿನ ದಿನಗಳನ್ನು ಹೇಗೆ ವರ್ಣಿಸಲಿ? ಮುಂಜಾನೆ ಛತ್ರಿ ಬಿಡಿಸಿ ಇಂದ್ರಾಳಿಯ ದಾರಿಯಾಗಿ ಮಣಿಪಾಲದ ಗುಡ್ಡ ಹತ್ತುವುದು, ಇಳಿಯುವುದು. ಬರಿಯ ಮುರಕಲ್ಲಿನ ಆ ಗುಡ್ಡದ ತುದಿಯಲ್ಲಿ ನಿಂತರೆ ಪಡುವಣ ದಿಕ್ಕಿಗೆ ತೆಂಗಿನ ತಲೆಗಳಾಚೆ ಕಡಲು ಒಂದು ಗೆರೆಯಂತೆ ಹೊಳೆಯುತ್ತಿತ್ತು. ಅಷ್ಟು ವರ್ಷ ಉಡುಪಿಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ. ಹೋಟೆಲಿನ ಕಿಟಕಿಯಿಂದ ಕಡಲು ಕಾಣುವುದಿಲ್ಲ ನೋಡಿ. ಹಸಿವಿನಲ್ಲೂ ಒಂದು ಸುಖವುಂಟೆಂದು ನನಗೆ ಮೊದಲ ಸಲ ತಿಳಿದದ್ದು ಆ ತಿಂಗಳುಗಳಲ್ಲಿ. ಹಸಿದು ಉಂಡ ಗಂಜಿಗೆ, ಚೂರು ಉಪ್ಪಿನಕಾಯಿಗೆ ಇಂಥ ರುಚಿಯಿದೆಯೆಂದು ಗೊತ್ತಿಲ್ಲದೆ ಸಾಯುವವನಿದ್ದೆ. ಗೋಳಿಬಜೆಯ ಪರಿಮಳ ಮೆಟ್ಟಿಲು ಹತ್ತಿ ಬಂದಾಗ ಮಾತ್ರ ನಾನು ವಿದ್ಯಾರ್ಥಿಗಳ ಮೇಲೆ ವಿನಾಕಾರಣ ರೇಗುತ್ತಿದ್ದೆ.

ನಿಜವಾದ ಪರೀಕ್ಷೆ ಇದ್ದದ್ದು ಬೆಳ್ಮಣ್ಣಿನಲ್ಲಿ. ಶನಿವಾರ ಸಂಜೆಯ ಬಸ್ಸಿನಿಂದ ಇಳಿದವನಿಗೆ ಅಮ್ಮ ಮೊದಲು ಮಾಡುತ್ತಿದ್ದದ್ದು ತೋಳು ಹಿಡಿದು ಚಿವುಟಿ ನೋಡುವುದು. ಆಶ್ಚರ್ಯವೆಂದರೆ ಲಾರೆನ್ಸನ ಇಕ್ಕಳ ಹಿಡಿಯುತ್ತಿದ್ದ ಜಾಗವನ್ನೇ, ತೋಳಿನ ಹಿಂಬದಿಯ ಅದೇ ಮಡಿಕೆಯನ್ನೇ, ಅವಳ ಹೆಬ್ಬೆರಳು ತೋರುಬೆರಳು ಹುಡುಕಿಕೊಂಡು ಹೋಗುತ್ತಿದ್ದವು. ಮಡಿಕೆ ತೆಳುವಾದಷ್ಟೂ ಲಾರೆನ್ಸ್ ಹಿಗ್ಗುತ್ತಿದ್ದ, ಅಮ್ಮ ಕುಗ್ಗುತ್ತಿದ್ದಳು. ಒಂದೇ ತೋಳು ಒಂದೇ ವಾರದಲ್ಲಿ ಇಬ್ಬರಿಗೆ ಎರಡು ಸುದ್ದಿ ಹೇಳುತ್ತಿತ್ತು.

"ಎಂತ ಆಯ್ತು ಮಗಾ ನಿನಗೆ? ಮೊದಲಿನ ಹಾಗೆ ಮೈ ಇಲ್ಲ" ಎಂದು ಅವಳು ಕೇಳಿದರೆ, "ಎಂತದೂ ಇಲ್ಲಮ್ಮ, ಕೆಲಸ ಜಾಸ್ತಿ" ಎನ್ನುತ್ತಿದ್ದೆ. ಆಗ ಪತ್ರೊಡೆ ಬರುತ್ತಿತ್ತು, ಹಲಸಿನ ಕಡುಬು ಬರುತ್ತಿತ್ತು, ಬಂಗುಡೆಯ ಸಾರು ಬರುತ್ತಿತ್ತು. ಬೇಡವೆಂದರೆ ಅಕ್ಕ ಕಣ್ಣು ಬಿಡುತ್ತಿದ್ದಳು. ವಾರವಿಡೀ ಗುಡ್ಡ ಹತ್ತಿ ಕಳೆದುಕೊಂಡದ್ದನ್ನು ಭಾನುವಾರ ಒಂದೇ ಪಂಕ್ತಿಯಲ್ಲಿ ಮರಳಿ ಪಡೆದು ಸೋಮವಾರ ಹೋಗಿ ನಿಂತರೆ, ಲಾರೆನ್ಸ್ ಇಕ್ಕಳವನ್ನು ಕೆಳಗಿಟ್ಟುಬಿಡುತ್ತಿದ್ದ.

ಒಂದು ಭಾನುವಾರ ಅವನನ್ನೂ ಊಟಕ್ಕೆ ಕರೆದೊಯ್ದೆ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿ. ಅಮ್ಮ ಅವನನ್ನು ಮೂಲೆಗೆ ಕರೆದು, "ಡಾಕ್ಟ್ರೇ, ಸತ್ಯ ಹೇಳಿ, ಇವನಿಗೆ ಎಂತ ಕಾಯಿಲೆ?" ಎಂದು ಕೇಳಿದ್ದು ನನಗೂ ಕೇಳಿಸಿತು. "ಕಾಯಿಲೆ ಎಂತದೂ ಇಲ್ಲಮ್ಮ, ಕಲ್ಲುಗುಂಡಿನ ಹಾಗೆ ಇದ್ದಾನೆ" ಎಂದ ಲಾರೆನ್ಸ್. ಅಮ್ಮ ನಂಬಲಿಲ್ಲ. ಹರಕೆ ತಡವಾದದ್ದಕ್ಕೇ ಮಗ ಮತ್ತೆ ಸವೆಯುತ್ತಿದ್ದಾನೆಂದು ಅವಳು ತನ್ನಷ್ಟಕ್ಕೇ ನಿಶ್ಚಯಿಸಿಕೊಂಡಿದ್ದಳು. ಅಕ್ಕ ಅದನ್ನು ನನ್ನ ಕಿವಿಯಲ್ಲಿ ಹೇಳಿದಳು. ಎಲ್ಲವನ್ನೂ ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ಗದ್ದೆ ಸಾಲದೆಂಬ ಮಾತೂ ಹೊರಗೆ ಬರುತ್ತದಲ್ಲ ಎಂದು ನುಂಗಿಕೊಂಡೆ. ಅಷ್ಟರಲ್ಲಿ ಲಾರೆನ್ಸ್ ಅಕ್ಕನ ನಾಲ್ಕು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು, ಅದರ ತೊಡೆಯ ಮೇಲಿನ ಮಡಿಕೆಗಳನ್ನು ಒಂದೊಂದಾಗಿ ಎಣಿಸುತ್ತ, ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಬ್ಬು ಇವಳದೇ ಎಂದು ಘೋಷಿಸಿದ. ಎಲ್ಲರೂ ಹೆಮ್ಮೆಯಿಂದ ನಕ್ಕರು. ಯಾವ ವಯಸ್ಸಿನವರೆಗೆ ಅದು ಹೆಮ್ಮೆ, ಯಾವ ವಯಸ್ಸಿನಿಂದ ಅದು ನಾಚಿಕೆ ಎಂದು ನಾನು ಬಸ್ಸಿನಲ್ಲಿ ಬರುವಾಗ ಬಹಳ ಹೊತ್ತು ಯೋಚಿಸಿದೆ.

ಗದ್ದೆ ಕೊಯ್ಲಾಯಿತು. ಅಮ್ಮ ಕುಟ್ಟತೊಡಗಿದಳು. ಅಕ್ಕ ಕೈ ಹಾಕಹೋದರೆ ಒನಕೆ ಕೊಡುತ್ತಿರಲಿಲ್ಲವಂತೆ. ಭಾವ ಮುಡಿ ಕಟ್ಟಿದರು. ಇತ್ತ ಮಣಿಪಾಲದಲ್ಲಿ ಇಕ್ಕಳ ಕೊನೆಯ ಸಲ ನನ್ನನ್ನು ಕಚ್ಚಿ ಇಪ್ಪತ್ತನಾಲ್ಕು ಎಂದಿತು. ತಕ್ಕಡಿ ಎಪ್ಪತ್ತೆಂಟು ಎಂದಿತು. ನಾನೂ ಲಾರೆನ್ಸೂ ಕೈ ಕೈ ಹಿಡಿದು ಪ್ರಯೋಗಶಾಲೆಯಲ್ಲಿ ಕುಣಿದೆವು. ಬದುಕಿನಲ್ಲಿ ನಾನು ಗುರಿಯಿಟ್ಟು ಮುಟ್ಟಿದ ಏಕೈಕ ಅಂಕಿ ಅದು.

ಕಾಪುವಿನ ದೇವಸ್ಥಾನದ ಹೊರ ಅಂಗಳದಲ್ಲಿ ತುಲಾಭಾರದ ದೊಡ್ಡ ಮರದ ತಕ್ಕಡಿ. ಬೆಳಗಿನ ಬಿಸಿಲು, ಕಡಲಿನ ಗಾಳಿ. ಮಡಿ ಪಂಚೆಯುಟ್ಟು ನಾನು ಒಂದು ತಟ್ಟೆಯಲ್ಲಿ ಪದ್ಮಾಸನ ಹಾಕಿ ಕೂತೆ. ಇನ್ನೊಂದು ತಟ್ಟೆಗೆ ಭಾವ ಮೊದಲನೆಯ ಮುಡಿ ಇಟ್ಟರು; ನಾನು ಅಲುಗಲಿಲ್ಲ. ಎರಡನೆಯ ಮುಡಿ ಇಟ್ಟದ್ದೇ ತಡ, ನಾನು ಸುಯ್ಯೆಂದು ಮೇಲೇರಿ ಗಾಳಿಯಲ್ಲಿ ತೂಗಾಡಿದೆ. ದೂರದಲ್ಲಿ ನಿಂತಿದ್ದ ಲಾರೆನ್ಸನತ್ತ ಗೆದ್ದ ಪೈಲ್ವಾನನಂತೆ ನೋಡಿದೆ. "ಆಯ್ತು, ಹರಕೆ ಸಂದಿತು" ಎಂದರು ಭಟ್ಟರು.

ಆಗ ಅಮ್ಮನ ಮುಖ ಕಂಡಿತು. ಅವಳು ಅಳುವಂತಿದ್ದಳು. ಅವಳ ಕಾಲ ಬಳಿ ಬಾಳೆಲೆ ಮುಚ್ಚಿದ ಒಂದು ಬುಟ್ಟಿ. "ಮುಗಿದದ್ದು ಹೇಗೆ ಭಟ್ರೇ? ಇದು ಇನ್ನೂ ಉಂಟಲ್ಲ" ಎಂದು ಎಲೆ ಸರಿಸಿದಳು. ಬುಟ್ಟಿ ತುಂಬ ಅಕ್ಕಿ. ಎರಡು ಮುಡಿ ನನಗೆ ಸಾಲದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗದ್ದೆಯ ಮೂಲೆಯಲ್ಲಿ ಬಸಳೆಗೆಂದು ಬಿಡುತ್ತಿದ್ದ ಜಾಗಕ್ಕೂ ಭತ್ತದ ನೇಜಿ ನೆಟ್ಟು, ಆ ಹೆಚ್ಚಿನ ಬೆಳೆಯನ್ನು ಬೇರೆಯಾಗಿ ಕುಟ್ಟಿ, ಮಗ ಮೇಲೇಳುವವರೆಗೆ ತನ್ನ ಕೈಯಾರೆ ಮುಷ್ಟಿ ಮುಷ್ಟಿಯಾಗಿ ಸುರಿಯಬೇಕೆಂದು ಅವಳು ಇಟ್ಟುಕೊಂಡದ್ದು ಅದು. ಇಪ್ಪತ್ತು ವರ್ಷದಿಂದ ಅವಳು ಕಾದದ್ದು ಆ ಒಂದು ಗಳಿಗೆಗೆ. ಅದನ್ನು ನಾನು ಗುಡ್ಡ ಹತ್ತಿ ಹತ್ತಿ ಕರಗಿಸಿಬಿಟ್ಟಿದ್ದೆ. ಅಷ್ಟೆತ್ತರದಲ್ಲಿ ಕೂತು ಅಷ್ಟು ಸಣ್ಣವನಾದದ್ದು ನನಗೆ ಇನ್ನೆಂದೂ ನೆನಪಿಲ್ಲ.

"ಅಮ್ಮ, ಕಾಯಿಲೆ ಅಲ್ಲ. ನಾನೇ ಇಳಿಸಿದ್ದು. ನಿನಗೆ ಎರಡು ಮುಡಿ ಸಾಕಾಗಲಿ ಅಂತ" ಎಂದು ಮೇಲಿನಿಂದಲೇ ಕೂಗಿ ಹೇಳಿದೆ.

"ಕಾಯಿಲೆ ಅಲ್ವಾ?" ಎಂದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ನಗಲಿಕ್ಕೆ ಶುರುಮಾಡಿದಳು. "ನಿನ್ನನ್ನು ಹೊತ್ತವಳು ನಾನು ಮಾರಾಯ. ನೀನು ಎಷ್ಟು ಭಾರ ಅಂತ ನನಗೆ ಗೊತ್ತಿಲ್ವಾ?"

ಮುಡಿ ಬಿಚ್ಚಿ ಹೆಚ್ಚಾದಷ್ಟು ತೆಗೆದು ಬುಟ್ಟಿಯದನ್ನು ಸುರಿಯೋಣವೇ ಎಂದು ಭಟ್ಟರು ಕೇಳಿದರು. ದೇವರೆದುರು ಇಟ್ಟದ್ದನ್ನು ಹಿಂದೆ ತೆಗೆಯುವುದುಂಟೇ? ಅಮ್ಮ ಒಂದು ಕ್ಷಣ ಸುತ್ತ ನೋಡಿದಳು. ಅಕ್ಕನ ಸೊಂಟದಿಂದ ಮಗುವನ್ನು ಎತ್ತಿಕೊಂಡಳು, ಈಗ ಎಂಟು ತಿಂಗಳಾಗಿ ಇನ್ನಷ್ಟು ದುಂಡಾಗಿದ್ದ ಆ ನಗುಮುಖದ ಮುದ್ದೆಯನ್ನು ತಂದು ನನ್ನ ಮಡಿಲಲ್ಲಿ ಕೂರಿಸಿದಳು. ತಟ್ಟೆ ದಡಕ್ಕನೆ ನೆಲ ಮುಟ್ಟಿತು. ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕರು. ಭಟ್ಟರೂ ನಕ್ಕರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬುಟ್ಟಿಗೆ ಕೈ ಹಾಕಿದಳು.

ಒಂದು ಮುಷ್ಟಿ, ಇನ್ನೊಂದು ಮುಷ್ಟಿ. ಅವಸರವಿಲ್ಲದೆ, ಪ್ರತಿ ಸಲವೂ ನಮ್ಮಿಬ್ಬರ ಮುಖ ನೋಡಿ ಸುರಿದಳು. ಬುಟ್ಟಿಯ ತಳ ಕಾಣುವ ಹೊತ್ತಿಗೆ ನಾವು ಮೆಲ್ಲಗೆ ನೆಲ ಬಿಟ್ಟೆವು. ಮಗು ಕೇಕೆ ಹಾಕಿತು.

"ಸಾಕಮ್ಮ" ಎಂದರು ಭಟ್ಟರು.

"ಸಾಕು ಅಂತ ನಿಮಗೆ ಹೇಗೆ ಗೊತ್ತು ಭಟ್ರೇ?" ಎಂದು ಅಮ್ಮ ಮತ್ತೊಂದು ಮುಷ್ಟಿ ಸುರಿದಳು.